ಗಣಕಯಂತ್ರದ ಹೊಸ ವ್ಯವಸ್ಥೆಯೂ ಬೆರಳುಗಳ ಹಳೆಯ ವಾಡಿಕೆಯೂ

ವಿದ್ಯಾಸಂಸ್ಥೆಗಳ ಕಚೇರಿಯಲ್ಲಿಯೂ ಅಧ್ಯಾಪಕರ ಕೊಠಡಿಯಲ್ಲಿಯೂ ಗಣಕಯಂತ್ರವು ನೆಲೆಯೂರಿ ಈಗ ಬಹುಕಾಲವಾಗಿದೆ. ಪ್ರಶ್ನಪತ್ರಿಕೆ, ಅಂಕಪಟ್ಟಿ, ವರ್ಗಾವಣೆ ಪತ್ರ, ಸಂಬಳದ ಬಿಲ್ಲು, ದಾನಿಗಳಿಗೆ ಕಳುಹಿಸುವ ರಸೀತಿ ಇವೆಲ್ಲವೂ ಅದರ ಮೂಲಕವೇ ಹೊರಬರುತ್ತವೆ. ಆದರೆ ಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದರೊಳಗೆ ಕುಳಿತು, ಕೀಲಿಮಣೆಯಿಂದ ಬಂದ ಅಪ್ಪಣೆಯನ್ನು ಕೇಳಿ, ಪರದೆಗೂ ಮುದ್ರಣಯಂತ್ರಕ್ಕೂ ಸಂಗ್ರಹಕ್ಕೂ ಕೆಲಸವನ್ನು ಹಂಚಿಕೊಡುವ ಒಬ್ಬ ಪಾರುಪತ್ಯಗಾರನುಂಟು. ಅವನಿಗೆ ಕಾರ್ಯನಿರ್ವಹಣ ವ್ಯವಸ್ಥೆ, ಬಳಕೆಯ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಮ್, ಎಂದು ಹೆಸರು.

ಈ ಪಾರುಪತ್ಯಗಾರನನ್ನು ಬದಲಿಸಬೇಕಾದ ಸಂದರ್ಭ ಈಗ ಅನೇಕ ಕಡೆಗಳಲ್ಲಿ ಒದಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರ ಜುಲೈ ತಿಂಗಳಲ್ಲಿ ಹೊರತಂದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಯಂತ್ರಗಳೇನೂ ಅಂದು ನಿಂತುಹೋಗಲಿಲ್ಲ. ಆದರೆ ವೈರಸ್ಸು ಮೊದಲಾದ ಉಪದ್ರವಗಳಿಂದ ಕಾಪಾಡುವ ಭದ್ರತಾ ತಿದ್ದುಪಡಿಗಳು, ನಿಬಂಧನೆಗಳಿಗೊಪ್ಪಿ ಹೆಚ್ಚುವರಿ ಅವಧಿಗೆ ಹೆಸರು ನೋಂದಾಯಿಸಿದವರ ಹೊರತು, ಉಳಿದವರಿಗೆ ಇಲ್ಲದಾದವು. ಅದರ ಉತ್ತರಾಧಿಕಾರಿಯಾದ ವಿಂಡೋಸ್ ೧೧ ಎಂಬುದು ೨೦೨೧ರ ಅಕ್ಟೋಬರಿನಲ್ಲಿಯೇ ಬಂದಿತ್ತು. ಆದರೆ ಅದು ಟಿಪಿಎಂ ೨.೦ ಎಂಬ ಭದ್ರತಾ ಅಂಗವನ್ನು ಬೇಡುತ್ತದೆ. ಇಂಟೆಲ್ ಸಂಸ್ಥೆಯ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕೆನ್ನುತ್ತದೆ. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ ೨೦೧೭ರಲ್ಲಿ. ಅದಕ್ಕೆ ಮುಂಚೆ ಕೊಂಡ ಯಂತ್ರಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಈ ಪಂಕ್ತಿಗೆ ಸಲ್ಲುವುದಿಲ್ಲ. ಶಾಲೆಗಳಲ್ಲಿರುವ ಯಂತ್ರಗಳಲ್ಲಿ ಹಲವು ದಾನಿಗಳ ಔದಾರ್ಯದಿಂದ ಬಂದಂಥವು. ಕೆಟ್ಟುಹೋಗದ ವಸ್ತುವನ್ನು ಮೂಲೆಗೆ ಹಾಕಿ, ಅದೇ ಕೆಲಸಕ್ಕೆ ಮತ್ತೆ ಹಣ ಕೂಡಿಸಬೇಕೆಂದರೆ ಯಾವ ಆಡಳಿತ ಮಂಡಳಿಗಾದರೂ ಯೋಚನೆಯಾಗುವುದು ಸಹಜ.

ಹಳೆಯ ಯಂತ್ರವನ್ನೇ ಉಳಿಸಿಕೊಂಡು ಅದರೊಳಗಿನ ವ್ಯವಸ್ಥೆಯನ್ನು ಮಾತ್ರ ಬದಲಿಸುವ ಮಾರ್ಗವೊಂದುಂಟು. ೧೯೯೧ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಅವರು ವಿದ್ಯಾರ್ಥಿದೆಸೆಯಲ್ಲಿ ಆರಂಭಿಸಿದ ಲಿನಕ್ಸ್ ಎಂಬ ತಿರುಳಿನ ಮೇಲೆ ಅನೇಕ ವ್ಯವಸ್ಥೆಗಳು ಬೆಳೆದಿವೆ. ಅವುಗಳಲ್ಲಿ ೨೦೦೪ರಲ್ಲಿ ಮೊದಲು ಬಂದ ಉಬುಂಟು ಎಂಬುದು ಪ್ರಸಿದ್ಧವಾದದ್ದು. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ೨೦೨೪ರ ಏಪ್ರಿಲಿನಲ್ಲಿ ಬಂದ ಅದರ ೨೪.೦೪ ಆವೃತ್ತಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲ ಗೊತ್ತುಪಡಿಸಲಾಗಿದೆ. ನೆರೆಯ ಕೇರಳ ರಾಜ್ಯದ ಶಾಲೆಗಳಲ್ಲಿ ಗಣಕಶಿಕ್ಷಣವು ಬಹು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿದೆ. ಇದಕ್ಕೆ ವಿರುದ್ಧವಾದ ನಿದರ್ಶನವನ್ನೂ ಮರೆಮಾಚಬೇಕಾಗಿಲ್ಲ: ಜರ್ಮನಿಯ ಮ್ಯೂನಿಕ್ ನಗರಾಡಳಿತವು ೨೦೦೩ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಸಾವಿರಾರು ಯಂತ್ರಗಳನ್ನು ಬದಲಿಸಿ, ೨೦೧೭ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ನಿರ್ಧರಿಸಿತು. ಅಲ್ಲಿಯ ವಾದವಿವಾದಗಳಲ್ಲಿ ರಾಜಕಾರಣವೂ ಉಂಟು, ನೌಕರರ ಅತೃಪ್ತಿಯೂ ಉಂಟು. ವ್ಯವಸ್ಥೆ ಎಷ್ಟು ಒಳ್ಳೆಯದಾದರೂ ಅದನ್ನು ಬಳಸುವ ಕೈ ಒಗ್ಗದಿದ್ದರೆ ಯೋಜನೆ ನಿಲ್ಲಲಾರದು ಎಂಬಷ್ಟು ಮಾತ್ರ ಆ ಪ್ರಸಂಗದಿಂದ ಗ್ರಾಹ್ಯ.

ಕೈ ಒಗ್ಗುವುದೆಂದರೇನು? ಇಪ್ಪತ್ತು ವರ್ಷ ಒಂದೇ ವ್ಯವಸ್ಥೆಯಲ್ಲಿ ದುಡಿದ ಗುಮಾಸ್ತರೊಬ್ಬರು ಕಡತವನ್ನು ಉಳಿಸುವಾಗ ಕೀಲಿಮಣೆಯನ್ನು ನೋಡುವುದಿಲ್ಲ. ಎಡಗೈಯ ಕಿರುಬೆರಳು ಕಂಟ್ರೋಲ್ ಕೀಲಿಯ ಮೇಲೂ ಮತ್ತೊಂದು ಬೆರಳು ಎಸ್ ಅಕ್ಷರದ ಮೇಲೂ ತಾವಾಗಿಯೇ ಹೋಗುತ್ತವೆ. ಮನಸ್ಸು ಅಷ್ಟರಲ್ಲಿ ಮುಂದಿನ ವಾಕ್ಯದಲ್ಲಿರುತ್ತದೆ. ಈ ಜ್ಞಾನ ಬುದ್ಧಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಬೆರಳಿನಲ್ಲಿದೆ. ಹೊಸ ವ್ಯವಸ್ಥೆ ಬರುತ್ತದೆಂದಾಗ ಹಿರಿಯ ಅಧ್ಯಾಪಕರಿಗೆ ಉಂಟಾಗುವ ಅಂಜಿಕೆಯ ಮೂಲವೂ ಇದೇ. ಬಣ್ಣ, ಚಿತ್ರ, ಗುಂಡಿಗಳ ಸ್ಥಾನ ಬದಲಾದರೆ ಕಣ್ಣು ನಾಲ್ಕು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಬೆರಳಿನಲ್ಲಿದ್ದ ಬಂಡವಾಳ ಕರಗಿಹೋಯಿತೇ ಎಂಬುದು ನಿಜವಾದ ಭಯ. ಆ ಬಂಡವಾಳದ ಬಹುಭಾಗ ಹಾಗೆಯೇ ಉಳಿಯುತ್ತದೆ; ಏಕೆ ಉಳಿಯುತ್ತದೆ, ಎಲ್ಲಿ ಮಾತ್ರ ಎಚ್ಚರ ಬೇಕು ಎಂಬುದನ್ನು ವಾಚಕರು ಅರಿತರೆ ಭಯಕ್ಕೆ ಎಡೆಯಿಲ್ಲ.

ಇಂಥ ಕೀಲಿಜೋಡಣೆಗಳಿಗೆ ಇಂಗ್ಲಿಷಿನಲ್ಲಿ ಶಾರ್ಟ್‌ಕಟ್ ಎನ್ನುತ್ತಾರೆ. ಕನ್ನಡದಲ್ಲಿ ಅಡ್ಡದಾರಿ ಎಂದರೆ ಅರ್ಥ ಹೊಂದುವುದಾದರೂ, ಅಡ್ಡದಾರಿ ಹಿಡಿದವನೆಂಬ ಮಾತಿನಲ್ಲಿರುವ ಅಪಕೀರ್ತಿ ಅದಕ್ಕೆ ಅಂಟಿಕೊಳ್ಳುತ್ತದೆ. ಊರ ಹೊಲಗಳ ನಡುವೆ ಬಲ್ಲವರು ಮಾತ್ರ ನಡೆಯುವ ಒಳದಾರಿ ಎಂಬುದು ಇಲ್ಲಿಗೆ ಹೆಚ್ಚು ಒಪ್ಪುವ ಮಾತು. ವ್ಯಾಕರಣಶಾಸ್ತ್ರವನ್ನು ಓದಿದವರಿಗೆ ಈ ಕಲ್ಪನೆ ಹೊಸದಲ್ಲ. ಪಾಣಿನಿಯ ಪರಂಪರೆಯಲ್ಲಿ ಹದಿನಾಲ್ಕು ಮಾಹೇಶ್ವರ ಸೂತ್ರಗಳ ಆಧಾರದಿಂದ ‘ಅಚ್’ ಎಂದರೆ ಸ್ವರಗಳೆಲ್ಲವೂ, ‘ಹಲ್’ ಎಂದರೆ ವ್ಯಂಜನಗಳೆಲ್ಲವೂ ಗ್ರಹಿಸಲ್ಪಡುತ್ತವೆ. ಪ್ರತ್ಯಾಹಾರವೆಂಬ ಈ ಸಂಕೇತದಿಂದ ಸೂತ್ರಕ್ಕೆ ಲಾಘವ ಬರುತ್ತದೆ. ಆದರೆ ಸಂಕೇತವನ್ನು ಒಮ್ಮೆ ಕಂಠಸ್ಥ ಮಾಡಿಕೊಳ್ಳುವ ಶ್ರಮವನ್ನು ವಿದ್ಯಾರ್ಥಿ ಪಡಲೇಬೇಕು. ಕೀಲಿಮಣೆಯ ಒಳದಾರಿಗಳ ಸ್ವರೂಪವೂ ಹೀಗೆಯೇ.

ಇವು ಒಂದು ಸಂಸ್ಥೆಯ ಸೊತ್ತಲ್ಲವೆಂಬುದನ್ನು ಇತಿಹಾಸವೇ ತೋರಿಸುತ್ತದೆ. ಮೌಸ್ ಎಂಬ ಉಪಕರಣವನ್ನು ರೂಪಿಸಿದ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಆ ಪ್ರದರ್ಶನದಲ್ಲಿ ಒಂದು ಕೈಯಲ್ಲಿ ಮೌಸ್ ಇದ್ದರೆ, ಇನ್ನೊಂದು ಕೈಗೆ ಐದು ಕೀಲಿಗಳ ಪುಟ್ಟ ಮಣೆಯೊಂದಿತ್ತು. ಅಂದರೆ ಮೌಸಿನ ಜನಕರೇ ಮೌಸ್ ಒಂದರಿಂದ ಸಕಲ ಕಾರ್ಯವೂ ಸಾಗಲಿ ಎಂದು ಬಯಸಿದವರಲ್ಲ. ಕತ್ತರಿಸು, ನಕಲಿಸು, ಅಂಟಿಸು ಎಂಬ ಕ್ರಿಯೆಗಳನ್ನು ೧೯೭೦ರ ದಶಕದ ಮಧ್ಯದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬವರು ಬಳಕೆಗೆ ತಂದರು. ಟೆಸ್ಲರ್ ಮುಂದೆ ಆ್ಯಪಲ್ ಸಂಸ್ಥೆಗೆ ಹೋದರು. ೧೯೮೩ರ ಲೀಸಾ, ೧೯೮೪ರ ಮ್ಯಾಕಿಂಟೋಷ್ ಯಂತ್ರಗಳ ಮೂಲಕ ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಅಕ್ಷರಗಳು ಈ ಕ್ರಿಯೆಗಳಿಗೆ ರೂಢವಾದವು. ಕೀಲಿಮಣೆಯ ಕೆಳಸಾಲಿನಲ್ಲಿ ಇವು ನಾಲ್ಕೂ ಒಂದರ ಪಕ್ಕದಲ್ಲೊಂದಿವೆ; ಎಡಗೈ ಅಲ್ಲಿರುವಾಗ ಬಲಗೈ ಮೌಸನ್ನು ಬಿಡಬೇಕಾಗಿಲ್ಲ. ಎಕ್ಸ್ ಎಂಬುದು ಬರೆದದ್ದನ್ನು ಹೊಡೆದುಹಾಕುವ ಗೀಟಿನಂತೆಯೂ, ವಿ ಎಂಬುದು ಬಿಟ್ಟುಹೋದದ್ದನ್ನು ಸೇರಿಸುವ ಗುರುತನ್ನು ತಲೆಕೆಳಗು ಮಾಡಿದಂತೆಯೂ ಕಾಣುತ್ತದೆಂಬ ವಿವರಣೆಯುಂಟು. ಓಲೆಗರಿಗಳಲ್ಲಿ ಹಂಸಪಾದವನ್ನು ಕಂಡವರಿಗೆ ಈ ಎರಡನೆಯ ಗುರುತು ಅಪರಿಚಿತವೆನಿಸದು.

ವಿಂಡೋಸ್ ಮೊದಲಿಗೆ ಐಬಿಎಂ ಸಂಸ್ಥೆ ೧೯೮೭ರಲ್ಲಿ ಪ್ರಕಟಿಸಿದ ಬೇರೊಂದು ಪದ್ಧತಿಯನ್ನು ಅನುಸರಿಸುತ್ತಿತ್ತು. ಅದರಲ್ಲಿ ನಕಲಿಗೆ ಕಂಟ್ರೋಲ್–ಇನ್ಸರ್ಟ್, ಅಂಟಿಸಲು ಶಿಫ್ಟ್–ಇನ್ಸರ್ಟ್. ೧೯೯೦ರ ದಶಕದ ಆರಂಭದಲ್ಲಿ ಅದೂ ಮ್ಯಾಕಿಂಟೋಷಿನ ಅಕ್ಷರಗಳನ್ನು ಕಂಟ್ರೋಲ್ ಕೀಲಿಯೊಡನೆ ಸೇರಿಸಿಕೊಂಡಿತು. ೧೯೯೭ರಲ್ಲಿ ಆರಂಭವಾದ ಗ್ನೋಮ್ ಎಂಬ ಲಿನಕ್ಸ್ ಮೇಜುಪರದೆಯ ಯೋಜನೆಯೂ ಅದೇ ರೂಢಿಯನ್ನು ಉಳಿಸಿಕೊಂಡಿತು. ಹೀಗೆ ಒಬ್ಬರಿಂದೊಬ್ಬರು ಎರವಲು ಪಡೆದ ಕಾರಣದಿಂದಲೇ, ಒಂದು ವ್ಯವಸ್ಥೆಯಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿ ಅನಾಥವಾಗುವುದಿಲ್ಲ.

ಕನ್ನಡ ಪದಸಂಪತ್ತನ್ನು ತತ್ಸಮ, ತದ್ಭವ, ದೇಶ್ಯವೆಂದು ವಿಂಗಡಿಸುವುದು ಪ್ರಸಿದ್ಧ. ಉಬುಂಟುವಿಗೆ ಬಂದ ವಿಂಡೋಸ್ ಬಳಕೆದಾರನ ಒಳದಾರಿಗಳನ್ನೂ ಹಾಗೆ ನೋಡಬಹುದು. ರೂಪವೂ ಅರ್ಥವೂ ಬದಲಾಗದೆ ಬಂದ ತತ್ಸಮಗಳ ಸಂಖ್ಯೆಯೇ ದೊಡ್ಡದು. ಕಂಟ್ರೋಲಿನೊಡನೆ ಸಿ, ಎಕ್ಸ್, ವಿ, ಝಡ್ ಸರಿಯೇ ಸರಿ. ಎಸ್ ಒತ್ತಿದರೆ ಉಳಿಸುವುದು, ಪಿ ಒತ್ತಿದರೆ ಮುದ್ರಣ, ಎಫ್ ಒತ್ತಿದರೆ ಹುಡುಕಾಟ, ಎ ಒತ್ತಿದರೆ ಸಮಸ್ತವನ್ನೂ ಆರಿಸುವುದು. ಆಲ್ಟ್–ಎಫ್೪ ಕಿಟಕಿಯನ್ನು ಮುಚ್ಚುತ್ತದೆ; ಎಫ್೨ ಕಡತದ ಹೆಸರನ್ನು ಬದಲಿಸಲು ತೆರೆಯುತ್ತದೆ. ವಿಂಡೋಸಿನ ಗುರುತುಳ್ಳ ಕೀಲಿಯನ್ನು ಮೈಕ್ರೋಸಾಫ್ಟ್ ೧೯೯೪ರಲ್ಲಿ ತನ್ನ ಕೀಲಿಮಣೆಯಲ್ಲಿ ಮೊದಲು ಅಳವಡಿಸಿತು. ಲಿನಕ್ಸಿನಲ್ಲಿ ಅದಕ್ಕೆ ಸೂಪರ್ ಎಂದು ಹೆಸರಾದರೂ ನಡತೆ ಬಹುಪಾಲು ಹಳೆಯದೇ. ಅದನ್ನು ಒಮ್ಮೆ ಒತ್ತಿ, ಬೇಕಾದ ತಂತ್ರಾಂಶದ ಹೆಸರಿನ ಎರಡು ಮೂರು ಅಕ್ಷರಗಳನ್ನು ಟೈಪು ಮಾಡಿ, ಎಂಟರ್ ಒತ್ತಿದರೆ ಎರಡು ವ್ಯವಸ್ಥೆಗಳಲ್ಲಿಯೂ ಆ ತಂತ್ರಾಂಶ ತೆರೆದುಕೊಳ್ಳುತ್ತದೆ. ಸೂಪರ್–ಎಲ್ ಪರದೆಗೆ ಬೀಗ ಹಾಕುತ್ತದೆ. ಸೂಪರಿನೊಡನೆ ಎಡಬಾಣ ಅಥವಾ ಬಲಬಾಣ ಒತ್ತಿದರೆ ಕಿಟಕಿ ಆ ಪಕ್ಕದ ಅರ್ಧ ಪರದೆಗೆ ಸರಿಯುತ್ತದೆ. ಹೊಸ ವ್ಯವಸ್ಥೆಯ ಮೊದಲ ದಿನವೇ ಯಾವ ಚಿತ್ರ ಎಲ್ಲಿದೆಯೆಂದು ಕಣ್ಣು ತಡಕಾಡುತ್ತಿರುವಾಗ, ಸೂಪರ್ ಕೀಲಿಯೊಂದನ್ನು ಬಲ್ಲವನು ದಾರಿ ತಪ್ಪಿಸಿಕೊಳ್ಳಲಾರ.

ತದ್ಭವಗಳು ಸ್ವಲ್ಪ ರೂಪ ಬದಲಿಸಿದವು. ಆಜ್ಞೆಯ ಹೆಸರನ್ನು ನೇರವಾಗಿ ಬರೆದು ನಡೆಸಲು ವಿಂಡೋಸಿನಲ್ಲಿ ವಿಂಡೋಸ್–ಆರ್, ಇಲ್ಲಿ ಆಲ್ಟ್–ಎಫ್೨. ಪರದೆಯ ಚಿತ್ರ ತೆಗೆಯಲು ಅಲ್ಲಿ ವಿಂಡೋಸ್–ಶಿಫ್ಟ್–ಎಸ್, ಇಲ್ಲಿ ಪ್ರಿಂಟ್‌ಸ್ಕ್ರೀನ್ ಕೀಲಿಯೊಂದೇ ಸಾಕು. ಇವನ್ನು ಕಲಿಯುವುದು ಕಷ್ಟವಲ್ಲ.

ಹೊಸ ನೆಲದಲ್ಲಿಯೇ ಹುಟ್ಟಿದ ದೇಶ್ಯಗಳಲ್ಲಿ ಎರಡನ್ನಾದರೂ ತಿಳಿದಿರುವುದು ಲಾಭಕರ. ಕಂಟ್ರೋಲ್–ಆಲ್ಟ್–ಟಿ ಟರ್ಮಿನಲ್ ಎಂಬ ಆಜ್ಞಾಫಲಕವನ್ನು ತೆರೆಯುತ್ತದೆ. ಸೂಪರ್–ಪೇಜ್‌ಡೌನ್ ಮತ್ತು ಸೂಪರ್–ಪೇಜ್‌ಅಪ್ ಒಂದು ಕಾರ್ಯಸ್ಥಳದಿಂದ ಇನ್ನೊಂದಕ್ಕೆ ಕರೆದೊಯ್ಯುತ್ತವೆ. ಒಂದರಲ್ಲಿ ಲೆಕ್ಕಪತ್ರ, ಇನ್ನೊಂದರಲ್ಲಿ ಪತ್ರವ್ಯವಹಾರ ಹರಡಿಕೊಂಡಿದ್ದರೆ, ಎರಡು ವ್ಯಾಸಪೀಠಗಳ ಮೇಲೆ ಎರಡು ಹೊತ್ತಗೆ ತೆರೆದಿಟ್ಟಂತೆ ಗೊಂದಲವಿಲ್ಲದೆ ಕೆಲಸ ಸಾಗುತ್ತದೆ. ವಿಂಡೋಸಿನಲ್ಲಿಯೂ ಈ ಸೌಕರ್ಯ ಈಗ ಇದೆ. ಆದರೆ ಅಲ್ಲಿ ಇದನ್ನು ಬಳಸುವವರು ವಿರಳ.

ನಿಜವಾದ ತೊಡಕು ಈ ಮೂರು ವರ್ಗಗಳಲ್ಲಿಯೂ ಇಲ್ಲ. ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವ ಮಾತುಗಳ ನಾಲ್ಕನೆಯ ವರ್ಗವೊಂದುಂಟು. ಕನ್ನಡಿಗನು ಹಿಂದಿ ಕಲಿಯುವಾಗ ಹೊಸ ಶಬ್ದಗಳಿಂದ ಅಷ್ಟಾಗಿ ಎಡವುವುದಿಲ್ಲ. ‘ಉಪನ್ಯಾಸ’ ಎಂಬ ಪರಿಚಿತ ಶಬ್ದದಿಂದ ಎಡವುತ್ತಾನೆ. ಇಲ್ಲಿ ಅದು ಭಾಷಣ, ಅಲ್ಲಿ ಕಾದಂಬರಿ. ‘ಅವಸರ’ವೆಂಬುದು ಕನ್ನಡದಲ್ಲಿ ತ್ವರೆ, ಹಿಂದಿಯಲ್ಲಿ ಸದವಕಾಶ, ತೆಲುಗಿನಲ್ಲಿ ಅಗತ್ಯ. ಗುರುತಿಲ್ಲದವನು ಬಂದರೆ ಮನಸ್ಸು ಎಚ್ಚರವಾಗಿರುತ್ತದೆ; ಗುರುತಿನವನಂತೆ ಕಂಡವನ ಮುಂದೆ ಎಚ್ಚರ ತಪ್ಪುತ್ತದೆ. ಗಣಕದಲ್ಲಿ ಇದಕ್ಕೆ ಮುಖ್ಯ ಉದಾಹರಣೆ ಮೇಲೆ ಹೇಳಿದ ಟರ್ಮಿನಲ್. ಬೇರೆಲ್ಲ ಕಡೆ ನಕಲು ಮಾಡುವ ಕಂಟ್ರೋಲ್–ಸಿ ಎಂಬುದು ಅಲ್ಲಿ ನಡೆಯುತ್ತಿರುವ ಕೆಲಸವನ್ನು ನಡುವೆಯೇ ನಿಲ್ಲಿಸಿಬಿಡುತ್ತದೆ. ದೊಡ್ಡ ಕಡತರಾಶಿಯ ಪ್ರತಿ ತೆಗೆಯುತ್ತಿರುವಾಗ, ಪರದೆಯಲ್ಲಿ ಬಂದ ಒಂದು ಸಾಲನ್ನು ನಕಲಿಸಲು ಹೋಗಿ ಆ ಕೆಲಸವನ್ನೇ ಕೆಡಿಸಿಕೊಳ್ಳುವುದು ಸುಲಭ. ಅಲ್ಲಿ ನಕಲಿಗೆ ಕಂಟ್ರೋಲ್–ಶಿಫ್ಟ್–ಸಿ, ಅಂಟಿಸಲು ಕಂಟ್ರೋಲ್–ಶಿಫ್ಟ್–ವಿ ಎಂದು ನೆನಪಿಡಬೇಕು. ಆದರೆ ಇದನ್ನು ಉಬುಂಟುವಿನ ದೋಷವೆಂದು ತಿಳಿಯುವುದು ನ್ಯಾಯವಲ್ಲ. ಟರ್ಮಿನಲಿನಲ್ಲಿ ಕಂಟ್ರೋಲ್–ಸಿ ಎಂಬುದಕ್ಕೆ ಆ ಅರ್ಥ ಮ್ಯಾಕಿಂಟೋಷ್ ಹುಟ್ಟುವುದಕ್ಕೆ ಮೊದಲೇ ಇತ್ತು.

ಕಂಟ್ರೋಲ್–ಆಲ್ಟ್–ಡಿಲೀಟ್ ಎಂಬ ತ್ರಿಕೀಲಿಯ ಕಥೆಯೂ ಇಂಥದೇ. ೧೯೮೧ರಲ್ಲಿ ಬಂದ ಐಬಿಎಂ ಗಣಕಕ್ಕಾಗಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರು, ಯಂತ್ರವನ್ನು ಮತ್ತೆ ಮೊದಲಿನಿಂದ ಚಾಲನೆಗೊಳಿಸಲು ಇದನ್ನು ಯೋಜಿಸಿದರು. ಅಕಸ್ಮಾತ್ತಾಗಿ ಒಂದೇ ಕೈ ತಾಗಿ ಅನಾಹುತವಾಗಬಾರದೆಂದು ದೂರದೂರದ ಕೀಲಿಗಳನ್ನು ಆರಿಸಿದರು. ಇಂದಿನ ವಿಂಡೋಸಿನಲ್ಲಿ ಅದು ಬೀಗ, ನಿರ್ಗಮನ, ಟಾಸ್ಕ್ ಮ್ಯಾನೇಜರ್ ಮೊದಲಾದವುಗಳ ಪಟ್ಟಿಯನ್ನು ಮುಂದಿಡುತ್ತದೆ. ಉಬುಂಟುವಿನಲ್ಲಿ ನಿರ್ಗಮಿಸಬೇಕೇ ಎಂದು ಕೇಳುತ್ತದೆ. ಒಂದು ತಂತ್ರಾಂಶ ಸ್ತಬ್ಧವಾದಾಗ ಹಳೆಯ ರೂಢಿಯಂತೆ ಇದನ್ನು ಒತ್ತಿ, ಗಾಬರಿಯಲ್ಲಿ ಎಂಟರ್ ಹೊಡೆದವರು ಉಳಿಸದ ಬರವಣಿಗೆಯನ್ನು ಕಳೆದುಕೊಂಡಾರು.

ಬರವಣಿಗೆಯ ತಂತ್ರಾಂಶದಲ್ಲಿ ಈ ಬಗೆಯ ಹುಸಿಮಿತ್ರರು ಇನ್ನೂ ಹೆಚ್ಚು. ಮೈಕ್ರೋಸಾಫ್ಟ್ ವರ್ಡ್ ಬಳಸುತ್ತಿದ್ದವರು ಉಬುಂಟುವಿನಲ್ಲಿ ಸಾಮಾನ್ಯವಾಗಿ ಲಿಬ್ರೆಆಫೀಸ್ ರೈಟರ್ ಎಂಬುದನ್ನು ಬಳಸುತ್ತಾರೆ. ಪಂಕ್ತಿಯನ್ನು ನಡುವಿಗೆ ತರುವ ಕಂಟ್ರೋಲ್–ಇ, ಎರಡು ಅಂಚಿಗೂ ಸಮಮಾಡುವ ಕಂಟ್ರೋಲ್–ಜೆ, ದಪ್ಪಕ್ಷರದ ಕಂಟ್ರೋಲ್–ಬಿ ಎರಡರಲ್ಲಿಯೂ ಸಮಾನ. ಆದರೆ ವರ್ಡಿನಲ್ಲಿ ಸಾಲುಗಳ ನಡುವಣ ಅಂತರವನ್ನು ಇಮ್ಮಡಿಸುವ ಕಂಟ್ರೋಲ್–೨ ಎಂಬುದು ರೈಟರಿನಲ್ಲಿ ಆ ಇಡೀ ಪರಿಚ್ಛೇದವನ್ನು ಎರಡನೆಯ ದರ್ಜೆಯ ಶೀರ್ಷಿಕೆಯನ್ನಾಗಿ ಮಾರ್ಪಡಿಸುತ್ತದೆ. ವರ್ಡಿನಲ್ಲಿ ಬೇರೆ ಹೆಸರಿನಿಂದ ಉಳಿಸಲು ಒತ್ತುವ ಎಫ್೧೨ ಇಲ್ಲಿ ಸಾಲಿಗೆ ಸಂಖ್ಯೆ ಹಚ್ಚುತ್ತದೆ. ಆ ಕೆಲಸಕ್ಕೆ ಇಲ್ಲಿ ಕಂಟ್ರೋಲ್–ಶಿಫ್ಟ್–ಎಸ್ ಒತ್ತಬೇಕು. ಅಕ್ಷರಶೈಲಿಯ ಸಂವಾದಪೆಟ್ಟಿಗೆ ತೆರೆಯಲೆಂದು ಕಂಟ್ರೋಲ್–ಡಿ ಒತ್ತಿದರೆ ಎರಡೆಳೆಯ ಅಡಿಗೆರೆ ಬೀಳುತ್ತದೆ. ನಾಳೆ ಬೆಳಗ್ಗೆ ಬೇಕಾದ ಪ್ರಶ್ನಪತ್ರಿಕೆಯ ಮೇಲೆ ಹೀಗಾದರೆ ಯಂತ್ರವೇ ಹಾಳಾಯಿತೆಂದು ತೋರುವುದು ಸ್ವಾಭಾವಿಕ. ಕಂಟ್ರೋಲ್–ಝಡ್ ಒಮ್ಮೆ ಒತ್ತಿದರೆ ಎಲ್ಲವೂ ಪೂರ್ವಸ್ಥಿತಿಗೆ ಬರುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಈ ಕಾರಣದಿಂದ. ತಿದ್ದಿಕೊಳ್ಳುವ ದಾರಿ ತಿಳಿದವನಿಗೆ ಪ್ರಯೋಗ ಮಾಡುವ ಧೈರ್ಯ ಬರುತ್ತದೆ.

ಆದ್ದರಿಂದ ಕಲಿಕೆಯ ಕ್ರಮವನ್ನು ಹುಸಿಮಿತ್ರರಿಂದ ಆರಂಭಿಸುವುದು ಉಚಿತ. ನೂರು ಒಳದಾರಿಗಳ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸುವುದರಿಂದ ಗೋಡೆಗೆ ಅಲಂಕಾರವಾದೀತೇ ಹೊರತು ಬೆರಳಿಗೆ ವಿದ್ಯೆಯಾಗದು. ಪ್ರತಿಯೊಬ್ಬರೂ ತಮ್ಮ ದಿನದ ಕೆಲಸದಲ್ಲಿ ಹೆಚ್ಚಾಗಿ ಬರುವ ಹತ್ತು ಹನ್ನೆರಡನ್ನು ಆರಿಸಿ, ಅವುಗಳಲ್ಲಿ ಅರ್ಥ ಬದಲಾದವು ಯಾವುವೆಂದು ಒಂದು ಚೀಟಿಯಲ್ಲಿ ಬರೆದು ಪರದೆಯ ಬುಡದಲ್ಲಿರಿಸಿಕೊಳ್ಳಬೇಕು. ಮಿಕ್ಕವು ಮೆನುವಿನಲ್ಲಿಯೇ ಆಯಾ ಆಜ್ಞೆಯ ಎದುರಿಗೆ ಬಲಭಾಗದಲ್ಲಿ ಬರೆದಿರುತ್ತವೆ. ಗ್ನೋಮಿನ ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲಿನೊಡನೆ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಆ ತಂತ್ರಾಂಶದ ಪಟ್ಟಿಯೇ ತೆರೆದುಕೊಳ್ಳುತ್ತದೆ. ಹಳೆಯ ವ್ಯವಸ್ಥೆಯನ್ನು ತೆಗೆದುಹಾಕುವ ಮೊದಲೇ ಅಭ್ಯಾಸ ಮಾಡಲು ಸಾಧ್ಯವುಂಟು: ಉಬುಂಟುವನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿನ ಕಡತಗಳನ್ನು ಮುಟ್ಟದೆ ಬಳಸಿ ನೋಡಬಹುದು. ವಾರದ ಮಟ್ಟಿಗೆ ದಿನಕ್ಕೆ ಅರ್ಧ ಗಂಟೆ ಹೀಗೆ ಕೈಯಾಡಿಸಿದವರು ಬದಲಾವಣೆಯ ದಿನ ಗಾಬರಿಗೊಳ್ಳುವ ಕಾರಣವಿಲ್ಲ. ಯಾವ ಒಳದಾರಿಯಾದರೂ ಒಗ್ಗದಿದ್ದಲ್ಲಿ ಸೆಟ್ಟಿಂಗ್ಸ್ ಎಂಬಲ್ಲಿಯ ಕೀಲಿಮಣೆ ವಿಭಾಗದಲ್ಲಿ ಅದನ್ನು ತಮ್ಮ ಹಳೆಯ ರೂಢಿಗೆ ಬದಲಿಸಿಕೊಳ್ಳಲೂ ಬಹುದು. ಆದರೆ ಹತ್ತು ಮಂದಿ ಹಂಚಿಕೊಳ್ಳುವ ಯಂತ್ರದಲ್ಲಿ, ಎಲ್ಲರಿಗೂ ಒಂದೇ ಲಾಗಿನ್ ಇದ್ದರೆ, ಒಬ್ಬರ ಅನುಕೂಲ ಉಳಿದವರಿಗೆ ಸಂಕಟವಾದೀತು.

ಒಳದಾರಿಯು ಕೆಲವರಿಗೆ ಅನುಕೂಲ ಮಾತ್ರವಾದರೆ, ಇನ್ನು ಕೆಲವರಿಗೆ ಅದೊಂದೇ ದಾರಿ. ದೃಷ್ಟಿಯಿಲ್ಲದವರು ಮೌಸಿನ ಬಾಣವನ್ನು ಕಾಣಲಾರರು. ಅವರ ಸಮಸ್ತ ಕಾರ್ಯವೂ ಕೀಲಿಮಣೆಯಿಂದಲೇ ನಡೆಯಬೇಕು. ವಿಂಡೋಸಿನಲ್ಲಿ ಅವರಿಗೆ ಪರದೆಯನ್ನು ಓದಿಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ೨೦೦೬ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್, ಸ್ವತಃ ದೃಷ್ಟಿಹೀನರು. ಅದು ಲಿನಕ್ಸಿನಲ್ಲಿ ನಡೆಯುವುದಿಲ್ಲ. ಇಲ್ಲಿ ಆ ಸ್ಥಾನದಲ್ಲಿ ಓರ್ಕಾ ಎಂಬುದಿದ್ದು, ಗ್ನೋಮಿನಲ್ಲಿ ಸೂಪರ್–ಆಲ್ಟ್–ಎಸ್ ಒತ್ತಿದರೆ ಮಾತನಾಡಲಾರಂಭಿಸುತ್ತದೆ. ಎರಡಕ್ಕೂ ಇಸ್ಪೀಕ್ ಎಂಬ ಒಂದೇ ಧ್ವನಿಯನ್ನು ಅಳವಡಿಸಲು ಬರುವುದರಿಂದ, ಕನ್ನಡವೂ ಅದಕ್ಕೆ ಬರುವುದರಿಂದ, ಕಿವಿಗೆ ಪರಿಚಯ ತಪ್ಪದು. ಆದರೆ ಆ ತಂತ್ರಾಂಶದ ಒಳಗಿನ ಕೀಲಿಜೋಡಣೆಗಳು ಬೇರೆಬೇರೆ. ಕಣ್ಣುಳ್ಳವನಿಗೆ ವಾರದ ಅನಾನುಕೂಲವಾದದ್ದು ಇವರಿಗೆ ಕೆಲಸವೇ ನಿಂತುಹೋಗುವ ವಿಷಯವಾದೀತು. ಸಂಸ್ಥೆಯಲ್ಲಿ ಅಂಥ ಅಧ್ಯಾಪಕರೋ ವಿದ್ಯಾರ್ಥಿಗಳೋ ಇದ್ದಲ್ಲಿ, ಬದಲಾವಣೆಯ ತೀರ್ಮಾನಕ್ಕೆ ಮೊದಲು ಅವರನ್ನು ಕೂರಿಸಿ ನೋಡುವುದು ಕರ್ತವ್ಯ. ಕೈನಡುಕವುಳ್ಳ ವೃದ್ಧರಿಗೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದು ಕಷ್ಟವಾದರೆ, ಸ್ಟಿಕಿ ಕೀಸ್ ಎಂಬ ಸೌಲಭ್ಯದಿಂದ ಒಂದಾದಮೇಲೊಂದನ್ನು ಒತ್ತಬಹುದು. ಇದು ಎರಡು ವ್ಯವಸ್ಥೆಗಳಲ್ಲಿಯೂ ಉಂಟು.

ಕನ್ನಡದ ಬರವಣಿಗೆಯ ಸಂಗತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಅಧ್ಯಾಪಕರ ಸಂದೇಹಗಳಲ್ಲಿ ಹೆಚ್ಚಿನವು ಇದನ್ನೇ ಕುರಿತವು. ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶ ಬಹಳ ಪ್ರಚಾರದಲ್ಲಿದೆ. ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಹೋಗಿಬರಲು ಸ್ಕ್ರೋಲ್‌ಲಾಕ್ ಕೀಲಿಯನ್ನು ಒತ್ತುವುದು ರೂಢಿ. ನುಡಿ ಎಂಬುದು ವಿಂಡೋಸಿಗಾಗಿ ರಚಿತವಾದದ್ದು. ಉಬುಂಟುವಿನಲ್ಲಿ ಅದು ಕಾಣದಿರುವಾಗ ಕನ್ನಡವೇ ಇಲ್ಲವೆಂದು ಕೆಲವರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಸೆಟ್ಟಿಂಗ್ಸಿನ ಕೀಲಿಮಣೆ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ, ಸೂಪರ್–ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ವಿಂಡೋಸಿನ ಸ್ವಂತ ಕೀಲಿಮಣೆಗಳ ನಡುವೆ ಹೋಗಿಬರುವುದಕ್ಕೂ ಇದೇ ಜೋಡಣೆಯಿರುವುದರಿಂದ ಇದೂ ಒಂದು ತತ್ಸಮವೇ.

ಹಾಗೆ ಸೇರಿಸುವಾಗ ಎರಡು ವಿನ್ಯಾಸಗಳು ಎದುರಾಗುತ್ತವೆ. ಬರಿಯ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ಕೇಂದ್ರ ಸರ್ಕಾರ ಅಂಗೀಕರಿಸಿದ್ದು. ಇದರಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಬಹುಮಟ್ಟಿಗೆ ಬಲಗೈಗೂ ಬರುತ್ತವೆ. ಕೆ ಕೀಲಿಯಲ್ಲಿ ಕ, ಶಿಫ್ಟಿನೊಡನೆ ಖ. ಐ ಕೀಲಿಯಲ್ಲಿ ಗ, ಶಿಫ್ಟಿನೊಡನೆ ಘ. ಅಲ್ಪಪ್ರಾಣಕ್ಕೆ ಬೆರಳು, ಮಹಾಪ್ರಾಣಕ್ಕೆ ಬೆರಳಿನೊಡನೆ ಶಿಫ್ಟು. ಸ್ವರಗಳಲ್ಲಿಯಾದರೆ ಸುಮ್ಮನೆ ಒತ್ತಿದರೆ ವ್ಯಂಜನಕ್ಕೆ ಹತ್ತುವ ಚಿಹ್ನೆ, ಶಿಫ್ಟಿನೊಡನೆ ಸ್ವತಂತ್ರ ಸ್ವರ. ವರ್ಣಮಾಲೆಯ ವ್ಯವಸ್ಥೆಯನ್ನು ಅರಿತವರು ಮಾಡಿದ ಕೆಲಸವಿದೆಂದು ನೋಡಿದೊಡನೆ ತಿಳಿಯುತ್ತದೆ. ಇಂಗ್ಲಿಷ್ ಕೀಲಿಗಳ ಹಂಗಿಲ್ಲದೆ ಹೊಸದಾಗಿ ಕಲಿಯುವ ಬಾಲಕರಿಗೆ ಇದು ಅತ್ಯುತ್ತಮ.

ಆದರೆ ನುಡಿಯಲ್ಲಿ ಪಳಗಿದವರು ಇದನ್ನು ಆರಿಸಿಕೊಂಡರೆ ಕೈ ಕಟ್ಟಿದಂತಾಗುತ್ತದೆ. ಅವರಿಗಾಗಿಯೇ ಪಟ್ಟಿಯಲ್ಲಿ ‘ಕಗಪ’ ಎಂಬ ಇನ್ನೊಂದು ವಿನ್ಯಾಸವಿದೆ. ಇದು ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಾಗುವ ವಿನ್ಯಾಸವನ್ನು ಆಧರಿಸಿದ್ದು. ಧ್ವನಿಸಾಮ್ಯದಿಂದ ಕೆ ಎಂದರೆ ಕ, ಎನ್ ಎಂದರೆ ನ; ಸಾಮ್ಯಕ್ಕೆ ಇಂಗ್ಲಿಷ್ ಅಕ್ಷರ ಸಾಲದೆ ಬಂದಲ್ಲಿ ಟಕಾರ ಡಕಾರಗಳಿಗೆ ಕ್ಯೂ ಮತ್ತು ಡಬ್ಲ್ಯು; ಅರ್ಧಾಕ್ಷರಕ್ಕೆ, ಒತ್ತು ಕೊಡುವುದಕ್ಕೆ, ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಒತ್ತಿದರಾಯಿತು. ವರ್ಷಾನುಗಟ್ಟಲೆ ನುಡಿಯಲ್ಲಿ ಬೆರಳಚ್ಚು ಮಾಡಿದವರು ಕಗಪವನ್ನು ಆರಿಸಿಕೊಂಡ ದಿನವೇ ಹಿಂದಿನ ವೇಗದ ಹತ್ತಿರಕ್ಕೆ ಬರುತ್ತಾರೆ. ಪಟ್ಟಿಯಲ್ಲಿ ಒಂದು ಸಾಲಿನ ಕೆಳಗೆ ಇದು ಇದೆಯೆಂಬುದು ತಿಳಿಯದೆ ಹೊಸ ವ್ಯವಸ್ಥೆಯನ್ನೇ ತಿರಸ್ಕರಿಸುವುದುಂಟಾದ್ದರಿಂದ ಇಷ್ಟು ವಿಸ್ತರಿಸಬೇಕಾಯಿತು. ಕನ್ನಡ ವಿನ್ಯಾಸ ಜಾರಿಯಲ್ಲಿರುವಾಗ ಕೆಲವು ತಂತ್ರಾಂಶಗಳಿಗೆ ಕಂಟ್ರೋಲ್–ಸಿ ಮೊದಲಾದವು ತಿಳಿಯದೆ ಹೋಗುವುದುಂಟು. ಆಗ ಸೂಪರ್–ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದು ಆಜ್ಞೆ ಕೊಟ್ಟು ಮರಳಬೇಕು.

ಇನ್ನು ಹಳೆಯ ಬರವಣಿಗೆಗಳು. ನುಡಿಯ ಹಿಂದಿನ ಆವೃತ್ತಿಗಳಲ್ಲಿ ಬರೆದ ಕನ್ನಡವು ಯಂತ್ರದ ಒಳಗೆ ಕನ್ನಡವಾಗಿ ಶೇಖರವಾಗಿರುವುದಿಲ್ಲ. ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸಿದ ವಿಶಿಷ್ಟ ಅಕ್ಷರಶೈಲಿಯಿಂದ ಅದು ಕನ್ನಡವಾಗಿ ತೋರುತ್ತಿರುತ್ತದೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ, ಚುಕ್ಕೆ ಬಾಲಗಳುಳ್ಳ ಪರದೇಶದ ಅಕ್ಷರಗಳ ರಾಶಿ ಎದುರಾಗುತ್ತದೆ. ಕಡತ ಕೆಟ್ಟಿತೆಂದು ಅಳಿಸಿಹಾಕಬಾರದು. ಹಳೆಯ ಯಂತ್ರದಿಂದ ಆ ಅಕ್ಷರಶೈಲಿಯ ಕಡತವನ್ನು ತಂದು ಹೊಸ ವ್ಯವಸ್ಥೆಯಲ್ಲಿ ಸ್ಥಾಪಿಸಿದರೆ ಓದುವುದಕ್ಕೂ ಮುದ್ರಿಸುವುದಕ್ಕೂ ಅಡ್ಡಿಯಿಲ್ಲ. ಮುಂದೆ ತಿದ್ದಿ ಬಳಸಬೇಕಾದವನ್ನು ಮಾತ್ರ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ಕೆ ಪರಿವರ್ತಿಸಬೇಕು. ಕನ್ನಡವು ಅದರ ೧೯೯೧ರ ಮೊದಲ ಆವೃತ್ತಿಯಿಂದಲೇ ಅದರಲ್ಲಿದೆ. ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಈ ಕೆಲಸವನ್ನು ವ್ಯವಸ್ಥೆ ಬದಲಿಸುವ ಮೊದಲೇ ಮಾಡಿ, ಮೂಲವನ್ನೂ ಪರಿವರ್ತಿತವನ್ನೂ ಬೇರೊಂದು ಡಿಸ್ಕಿನಲ್ಲಿ ಪ್ರತಿಯೆತ್ತಿರಿಸುವುದು ಕ್ಷೇಮ. ಪರಿವರ್ತನೆಯಲ್ಲಿ ಅರ್ಕಾವತ್ತಿನ ಸ್ಥಾನ, ಒತ್ತಕ್ಷರಗಳ ಜೋಡಣೆ, ದೀರ್ಘಚಿಹ್ನೆಗಳು ಇಂಥ ಕಡೆ ಒಂದೇ ಬಗೆಯ ತಪ್ಪು ಮತ್ತೆಮತ್ತೆ ನುಸುಳಬಹುದು. ಕನ್ನಡ ಬಲ್ಲ ಅಧ್ಯಾಪಕರೊಬ್ಬರು ಮೊದಲ ಎರಡು ಪುಟಗಳನ್ನು ಮೂಲದೊಡನೆ ಅಕ್ಷರಶಃ ಹೋಲಿಸಿ ತಪ್ಪಿನ ಜಾಡನ್ನು ಗುರುತಿಸಿಕೊಂಡರೆ, ಕಂಟ್ರೋಲ್–ಎಚ್ ಒತ್ತಿ ತಪ್ಪು ರೂಪವನ್ನು ಮೇಲಿನ ಚೌಕದಲ್ಲಿಯೂ ಸರಿಯಾದುದನ್ನು ಕೆಳಗಿನದರಲ್ಲಿಯೂ ಬರೆದು ಕಡತದುದ್ದಕ್ಕೂ ಒಮ್ಮೆಗೇ ತಿದ್ದಬಹುದು. ಈ ಜೋಡಣೆ ವರ್ಡಿನಲ್ಲಿಯೂ ರೈಟರಿನಲ್ಲಿಯೂ ಒಂದೇ.